ಬಿಳಿ ಗ್ಲೌಸು

ಬಸ್ಸಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ ಸೋಪಿನ ಕಾರ್ಖಾನೆಯ ಸಮವಸ್ತ್ರದಲ್ಲಿ ಒಬ್ಬಾಕೆ, ಜೊತೆಗೆ ಆಕೆಯ ನಾದಿನಿ.

"ಅತ್ತಿಗೆ, ಜಾಹೀರಾತಲ್ಲಿ ನಿಮ್ಮ ಕೈಗೆ ಗ್ಲೌಸ್ ಇದೆಯಲ್ಲ, ಕೊನೆಗೂ ಕೊಟ್ರಾ?"

"ಫೋಟೋ ತೆಗೆಯೋಕೆ ಕೊಟ್ರು. ಮುಗಿದ ಕೂಡ್ಲೇ ಬಿಚ್ಚಿಸ್ಕೊಂಡ್ರು."

"ಕೇಳ್ಬೇಕಿತ್ತು."

"ಕೇಳಿ ಕೇಳಿ ಬಾಯಿ ನೋವಾಯ್ತು. ಈ ವರ್ಷ ಖರ್ಚಿಗೆ ಕಡಿವಾಣವಂತೆ."

"ಮತ್ತೆ ದೊಡ್ಡ ಸಾಹೇಬ್ರ ಸಂಬಳ ಎರಡು ಪಟ್ಟು ಮಾಡಿದ್ರಂತೆ?"

"ಹೂಂ. ಕೆಲಸದವರನ್ನ ಚೆನ್ನಾಗಿ ನೋಡ್ಕೋತಾರೆ ಅಂತ. ನನ್ನ ಫೋಟೋನೇ ಸಾಕ್ಷಿ."

"ನೀವೂ ಸರಿ! ಅಂಥವರಿಗೆ ಅಷ್ಟು ಬಾಯಿತುಂಬ ನಗೋದಾ?"

"ಗ್ಲೌಸ್ ನನಗೇ ಅಂದ್ಕೊಂಡಿದ್ದೆ ಕಣೇ."

ಬಂದ ಬಸ್ಸಿನ ಪಕ್ಕೆಯ ತುಂಬ ಆ ನಗು, ಆ ಬಿಳಿ ಗ್ಲೌಸು. ಅತ್ತಿಗೆ ಅತ್ತ ನೋಡಲಿಲ್ಲ. ಬಿರುಕುಬಿಟ್ಟ ಬೆರಳುಗಳಿಂದ ಕಂಬಿ ಹಿಡಿದು ಹತ್ತಿದರು.