ಸಾಸಿವೆ ಕಾಳಿನಷ್ಟು ಬೊಟ್ಟು

ಶಿವಮೊಗ್ಗದಿಂದ ಭದ್ರಾವತಿಗೆ ಹೊರಟಿದ್ದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಪ್ರೈಮರಿ ಶಾಲೆಯ ಇಬ್ಬರು ಟೀಚರುಗಳು ಕೂತಿದ್ದರು. ಕಿರಿಯಾಕೆಯ ಕೈಯಲ್ಲಿ ಐದನೇ ಕ್ಲಾಸಿನ ಪರೀಕ್ಷೆಯ ರಿಸಲ್ಟ್ ಶೀಟಿತ್ತು.

“ಇಪ್ಪತ್ತೆರಡು ಮಕ್ಕಳಿಗೂ ಸೊನ್ನೆ ಮೇಡಂ.”

“ಅದ್ಹೇಗೆ ಮುಬೀನಾ? ನಿನ್ನ ವಿದ್ಯಾಶ್ರೀ ನಿದ್ದೆಗಣ್ಣಲ್ಲೂ ಮಗ್ಗಿ ಹೇಳ್ತಾಳಲ್ಲ ಮಾರಾಯ್ತಿ!”

“ಉತ್ತರ ಎಲ್ಲಾ ಸರಿ ಇವೆ. ಆದ್ರೆ ಈ ಸಲ ಮೆಷಿನ್ ತಿದ್ದೋ ಓಎಂಆರ್ ಶೀಟು. ಸರಿಯುತ್ತರದ ಮುಂದಿರೋ ಸೊನ್ನೆಯೊಳಗೆ ಬೊಟ್ಟು ಇಡಿ ಅಂತ ನಾನೇ ಹೇಳಿಕೊಟ್ಟಿದ್ದೆ.”

“ಸರಿಯಾಗೇ ಹೇಳಿದೀಯಲ್ಲ.”

“ನಾನು ಬೊಟ್ಟು ಇಡೋಳಲ್ಲ. ನನ್ನ ಮನಸ್ಸಲ್ಲಿದ್ದದ್ದು ನಿಮ್ಮ ಕಾಸಗಲದ ಬೊಟ್ಟು. ಈ ಮಕ್ಕಳು ಇಟ್ಕೊಳೋದು ಸಾಸಿವೆ ಕಾಳಷ್ಟು. ಉತ್ತರದ ಶೀಟಲ್ಲೂ ಹಾಗೇ ಇಟ್ಟಿದಾರೆ. ಸೊನ್ನೆ ಪೂರ್ತಿ ಕಪ್ಪಾಗದಿದ್ರೆ ಮೆಷಿನ್ನಿಗೆ ಕಾಣಲ್ವಂತೆ.”

ಹಿರಿಯಾಕೆಯ ಕೈ ತನ್ನ ಹಣೆಗೆ ಹೋಯಿತು.

“ಬಿಇಓ ಆಫೀಸಿಗೆ ಹೋಗಿ ಹೇಳ್ಬೇಕಿತ್ತು.”

“ಹೋಗಿದ್ದೆ. ನಮ್ಮ ಕಣ್ಣಿಗೇನೋ ಕಾಣುತ್ತಮ್ಮ, ಆದ್ರೆ ನಾವು ನೋಡೋ ಹಾಗಿಲ್ಲ ಅಂದ್ರು.”

“ಮತ್ತೆ ಬರೆಸಲ್ವಂತಾ?”

“ಇಲ್ವಂತೆ.”

“ಮಕ್ಕಳಿಗೆ ಗೊತ್ತಾ?”

“ಇವತ್ತು ಹೇಳ್ಬೇಕು. ವಿದ್ಯಾಶ್ರೀ ದಿನಾ ಬಂದು ಕೇಳ್ತಾಳೆ, ‘ಮಿಸ್, ನನ್ನ ಒಂದು ಬೊಟ್ಟೂ ಗೆರೆಗೆ ತಾಗಿಲ್ಲ, ಚೆನ್ನಾಗಿ ಇಟ್ಟಿದೀನಾ?’ ಅಂತ.”

ಕಂಡಕ್ಟರ್ ಸೀಟಿ ಊದಿದ. ಇಬ್ಬರೂ ಎದ್ದರು.

“ಏನಂತೀಯ ಅವಳಿಗೆ?”

ಮುಬೀನಾ ರಿಸಲ್ಟ್ ಶೀಟನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ತುರುಕಿದರು.

“ಚೆನ್ನಾಗಿ ಇಟ್ಟಿದೀಯ ಅಂತೀನಿ ಮೇಡಂ. ಇನ್ನೇನನ್ಲಿ?”

ಅವರು ಇಳಿದುಹೋದರು.