ಮೇಲೆ ಏನೂ ಇಡಬೇಡಿ

ಶಿವಾಜಿನಗರದಲ್ಲಿ ನಲವತ್ತು ವರ್ಷದಿಂದ ಹಳೇ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವ ಮಂಜೂರ್ ಸಾಹೇಬರು ಅವತ್ತು ಇಂದಿರಾನಗರದ ಕ್ಲಿನಿಕ್ಕೊಂದರಲ್ಲಿ ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕೂತಿದ್ದರು. ಅರ್ಧ ಗಂಟೆ ಮಾತಾಡಬೇಡಿ ಎಂದಿದ್ದರು ಡಾಕ್ಟರು. ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದ ಇಬ್ಬರು ಗೆಳೆಯರಿಗೆ ಮಾತ್ರ ಅಂಥ ಕಟ್ಟಳೆ ಇರಲಿಲ್ಲ.

"ಮುನಿರಾಜು, ನಿನ್ ವಾಲ್ವ್ ಆಂಪ್ಲಿಫೈಯರ್ ಸರಿಹೋಯ್ತಾ?"

"ಶಿವಾಜಿನಗರದಲ್ಲಿ ಯಾರೋ ಮುದುಕ ಮಾಡ್ಕೊಟ್ಟ. ಆ ಗಲೀಜಿಗೆ ನಾನ್ ಹೋಗ್ಲಿಲ್ಲಪ್ಪ, ಡ್ರೈವರ್‌ನ ಕಳಿಸ್ದೆ."

"ಚೆನ್ನಾಗ್ ಹಾಡ್ತದಾ?"

"ಸೂಪರ್. ಆದ್ರೆ ಮುದುಕನ ಉಪದೇಶ ನೋಡು. ಕಾದ ಹೆಂಚಿನ ಥರ ಬಿಸಿಯಾಗ್ತದೆ, ಮೇಲೆ ಏನೂ ಇಡ್ಬೇಡಿ ಅಂತ ಚೀಟಿ ಅಂಟಿಸಿದ್ದ. ಕಿತ್ತು ಬಿಸಾಕ್ದೆ."

ಚೀಟಿ ಬರೆದ ಕೈ ಬೆಂಚಿನ ಅಂಚನ್ನು ಹಿಡಿದುಕೊಂಡಿತು.

"ಮೇಲೇನಿಟ್ಟಿದೀಯ?"

"ಲಂಡನ್ ಹರಾಜಲ್ಲಿ ತಗೊಂಡ್ನಲ್ಲ, ಆ ವೈನು. ಆಂಪ್ಲಿಫೈಯರ್ ಒಳಗೆ ಉರಿಯೋ ವಾಲ್ವ್‌ಗಳ ಬೆಳಕಿಗೆ ಬಾಟ್ಲಿ ಏನ್ ಹೊಳೀತದೆ ಮಗಾ! ಮೂರು ತಿಂಗಳಿಂದ ದಿನಾ ಸಂಜೆ ಹಾಡು ಹಾಕಿ ನೋಡ್ತಾ ಕೂತಿರ್ತೀನಿ."

"ವೈನ್ ತಣ್ಣಗಿರ್ಬೇಕು ಅಂತಾರಲ್ಲೋ? ಬಿಸಿಗೆ ಕೆಟ್ಟೋಗಲ್ವಾ?"

"ರೂಮಲ್ಲಿ ಎ.ಸಿ. ಇಲ್ವಾ?"

"ಸರಿ, ಯಾವಾಗ ಓಪನ್ ಮಾಡ್ತೀಯ?"

"ಈ ಶನಿವಾರ. ಸಿಕ್ಕಸಿಕ್ಕೋರ್ನ ಕರ್ದಿಲ್ಲ. ವೈನ್ ರುಚಿ ಗೊತ್ತಿರೋರ್ನೇ ಹುಡುಕಿ ಕರ್ದಿದೀನಿ."

ನರ್ಸ್ ಬಂದು, "ಟೈಮ್ ಆಯ್ತು ಅಂಕಲ್, ಹತ್ತಿ ತೆಗೀರಿ, ಈಗ ಮಾತಾಡ್ಬಹುದು" ಎಂದಳು.

ಮಂಜೂರ್ ಸಾಹೇಬರು ಮುನಿರಾಜುವನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಬೇಡವೆಂದು ತಲೆಯಾಡಿಸಿದರು. ಒಳಗಿಂದ ಕರೆ ಬಂದು ಆ ಇಬ್ಬರೂ ಎದ್ದುಹೋಗುವವರೆಗೂ ಹತ್ತಿಯನ್ನು ಇನ್ನಷ್ಟು ಬಲವಾಗಿ ಕಚ್ಚಿಕೊಂಡೇ ಕೂತಿದ್ದರು.