ಕೊಕ್ಕರೆಯ ಗಾಡಿ

ನಂಬಬೇಡಿ. ನಂಬೋದಿಲ್ಲ ಅಂತ ಗೊತ್ತಿದ್ದೇ ಹೇಳ್ತಿದ್ದೀನಿ. ಎದೆ ಇದ್ದೋರು ಕೂತು ಕೇಳಿ, ಇಲ್ಲದೋರು ಈಗಲೇ ಎದ್ದು ಹೋಗಿ ದೀಪ ಹಾಕ್ಕೊಂಡು ಮಲಗಿ. ನಾನು ಹಳ್ಳೀಲಿ ಹುಟ್ಟಿ ಬೆಳೆದ ಗಂಡು. ಕತ್ತಲಲ್ಲಿ ಹಾವು ತುಳಿದು, ಹಾವಿಗೇ ಬೈದು ಮುಂದೆ ಹೋದವನು. ಅಂಥ ನನಗೇ ಆ ಕೋಣೆಯ ಹೊಸಿಲು ದಾಟೋಕೆ ಆಗಲಿಲ್ಲ ಅಂದ್ರೆ ನೀವೇ ಲೆಕ್ಕ ಹಾಕ್ಕೊಳ್ಳಿ.

ಇದು ಆದದ್ದು ನಮ್ಮ ದೊಡ್ಡಪ್ಪನ ಮಗನಿಗೆ. ಎಲ್ಲರೂ ಅವನನ್ನ ಕರೆಯೋದು ಕುಂಚ ಅಂತ. ನಂಬರ್ ಪ್ಲೇಟು, ಅಂಗಡಿ ಬೋರ್ಡು ಬರೆಯೋನು. ಸ್ಕೇಲ್ ಇಡದೆ ಗೆರೆ ಎಳೆದ್ರೆ ದಾರ ಬಿಗಿದು ಕಟ್ಟಿದ ಹಾಗಿರ್ತಿತ್ತು. ಬಲಗೈ ತೋರುಬೆರಳನ್ನ ಕುಂಚದ ಬೆನ್ನಿಗೆ ಆನಿಸಿ ಬರೆಯೋನು. "ಈ ಬೆರಳೇ ನನ್ನ ಅನ್ನ" ಅಂತ ಅವನೇ ಹೇಳ್ತಿದ್ದ. ಆ ಬೆರಳು ನೆನಪಿರಲಿ.

ಆ ರಾತ್ರಿ ಅವನು ಕಲ್ಲು ಕ್ವಾರಿಯ ಬಾವಿ ಪಕ್ಕದ ದಾರೀಲಿ ಒಬ್ಬನೇ ಒಂದು ಹಳೇ ಟ್ರಯಲ್ಸ್ ಬೈಕು ತಳ್ಳಿಕೊಂಡು ಮನೆಗೆ ಬರ್ತಿದ್ದ. ಹಗಲು ತಂದ್ರೆ ಜನ "ಓ, ಕೊಕ್ಕರೆ ಗಾಡಿ" ಅಂತಾರೆ. ಆ ಮಾತು ಅವನ ಕಿವಿಗೆ ಬೀಳೋದು ಬೇಡವಾಗಿತ್ತು.

ಟ್ರಯಲ್ಸ್ ಅಂದ್ರೆ ರೇಸಲ್ಲ. ಅಲ್ಲಿ ವೇಗವನ್ನ ಯಾರೂ ಮೂಸಿ ನೋಡೋದಿಲ್ಲ. ಬಂಡೆ, ಕೊರಕಲು, ಕೆಸರು... ಅದರ ಮೇಲೆ ಫುಟ್‌ರೆಸ್ಟಲ್ಲಿ ನಿಂತುಕೊಂಡೇ ಗಾಡಿ ದಾಟಿಸಬೇಕು. ಕಾಲು ನೆಲಕ್ಕೆ ತಾಗಬಾರದು. ಪ್ರತಿ ಬಂಡೆ ಹತ್ತಿರ ಎಣಿಸೋಕೆ ಒಬ್ಬ ನಿಂತಿರ್ತಾನೆ. ಸವಾರ ದಾಟಿದ ಮೇಲೆ ಅವನ ಕಡೆ ತಿರುಗಿ "ಎಷ್ಟು?" ಅಂತಾನೆ. ಒಂದು ಸಲ ಕಾಲು ತಾಗಿಸಿದ್ರೆ ಎಣಿಸೋನು ಒಂದು ಬೆರಳು ಎತ್ತಬೇಕು. ಎಲ್ಲೂ ತಾಗಿಸದಿದ್ರೆ ಮುಷ್ಟಿ. ಮುಷ್ಟಿಗಿಂತ ದೊಡ್ಡ ಮರ್ಯಾದೆ ಆ ಆಟದಲ್ಲಿ ಇಲ್ಲ.

ಕೊಕ್ಕರೆ ಅನ್ನೋದು ಆ ಗಾಡಿಯ ಸವಾರನ ಅಡ್ಡಹೆಸರು. ಸಣಕಲ. ಬಂಡೆ ತುದೀಲಿ ಗಾಡಿಯನ್ನ ಸ್ಟ್ಯಾಂಡ್ ಹಾಕದೆ, ಕಾಲೂರದೆ, ಎರಡು ಚಕ್ರದ ಮೇಲೆ ಹಾಗೇ ನಿಲ್ಲಿಸಿಬಿಡೋನು. ಕುಂಚನೂ ಅವನ ಜೊತೆಗೇ ಕಲಿತವನು. ಬಿದ್ದ, ಎದ್ದ, ಮತ್ತೆ ಬಿದ್ದ. ಕೊನೆಗೆ ಗಾಡಿ ಬಿಟ್ಟು ಎಣಿಸೋಕೆ ನಿಂತ. ಕ್ವಾರಿಯ ದೊಡ್ಡ ಪಂದ್ಯದ ದಿನ ಕೊನೇ ಬಂಡೆ ಹತ್ತಿರ ಇದ್ದೋನು ಅವನೇ. ಕೊಕ್ಕರೆ ನೀರು ಹರಿದ ಹಾಗೆ ದಾಟಿ, ನಗ್ತಾ ತಿರುಗಿ ಕೇಳಿದ, "ಎಷ್ಟೋ?"

ಕುಂಚ ಒಂದು ಬೆರಳು ಎತ್ತಿದ.

ಕಾಲು ತಾಗಿರಲಿಲ್ಲ. ಬಂಡೆಯ ಆ ಮಗ್ಗುಲು ಕಾಣ್ತಿದ್ದದ್ದು ಕುಂಚನಿಗೊಬ್ಬನಿಗೇ. ಆ ಒಂದು ಬೆರಳಿಗೆ ಕೊಕ್ಕರೆಯ ಕಪ್ ಹೋಯ್ತು. ಮಾರನೇ ಬೆಳಗ್ಗೆ ಅವನು ಒಬ್ಬನೇ ಹೋಗಿ ಅದೇ ಬಂಡೆ ಹತ್ತಿದ. ಜನ ಬಂದು ನೋಡಿದಾಗ ಗಾಡಿ ತುದೀಲಿ ನಿಂತಿತ್ತು, ಸ್ಟ್ಯಾಂಡ್ ಇಲ್ಲದೆ. ಅವನು ಕೆಳಗೆ ಬಾವಿಯಲ್ಲಿದ್ದ.

ಹತ್ತು ವರ್ಷ ಆ ಗಾಡಿ ಅವನ ಅಮ್ಮನ ಹೊಲಿಗೆ ಕೋಣೆಯ ಹಿಂದೆ, ತುಂಡು ಬಟ್ಟೆಯ ಮೂಟೆಗಳ ಅಡಿ ಬಿದ್ದಿತ್ತು. ಕುಂಚ ಹೋಗಿ ಕೂತ.

"ಅಮ್ಮ, ಅವನು ನನ್ನ ಜೀವದ ಗೆಳೆಯ. ಆ ಗಾಡಿಗೆ ಮತ್ತೆ ಜೀವ ಕೊಡ್ತೀನಿ."

ಆಕೆ ಮಿಷನ್ ತುಳಿಯೋದು ನಿಲ್ಲಿಸಲಿಲ್ಲ. "ತಗೊಂಡು ಹೋಗಪ್ಪ. ಅದರ ಜೊತೇದು ಒಂದು ಗ್ಲೌಸಿದೆ. ಅದೂ ನಿನ್ನದೇ. ಹುಡುಕಿ ತಂದು ಕೊಡ್ತೀನಿ."

ಹೀಗೆ ಗಾಡಿ ತಳ್ಳಿಕೊಂಡು ಬರ್ತಾ, ಬಾವಿ ಹತ್ತಿರ ಬಂದ... ಗಾಡಿ ಭಾರವಾಯ್ತು. ಮುಂದಿನ ಸ್ಪ್ರಿಂಗು "ಕ್ರೀಕ್..." ಅಂತ ತಗ್ಗಿತು. ಯಾರೋ ಫುಟ್‌ರೆಸ್ಟ್ ಮೇಲೆ ಕಾಲಿಟ್ಟ ಹಾಗೆ. ಮೊದಲು ಎಡಗಡೆ... ಆಮೇಲೆ ಬಲಗಡೆ. ಕುಂಚ ತಲೆ ಎತ್ತಿ ನೋಡಲಿಲ್ಲ. ತುಕ್ಕು ಅಂದುಕೊಂಡ. ದಿಗಿಲು ಹತ್ತಿದಾಗ ಗಂಡಸು ಎಲ್ಲದಕ್ಕೂ ತುಕ್ಕು ಅಂತಾನೆ.

ಮನೆ ಪಕ್ಕದ ಕೋಣೇಲಿ ಕೆಲಸ ಶುರುವಾಯ್ತು. ಕಾರ್ಬುರೇಟರ್ ಬಿಚ್ಚಿ ಪೆಟ್ರೋಲಲ್ಲಿ ತೊಳೆದ. ಚೈನನ್ನ ಸೀಮೆಎಣ್ಣೆ ಡಬ್ಬೀಲಿ ಮುಳುಗಿಸಿಟ್ಟ. ಚಕ್ರದ ಕಡ್ಡಿಗಳನ್ನ ಒಂದೊಂದೇ ಬಿಗಿದು, ಸ್ಪ್ಯಾನರಿಂದ ತಟ್ಟಿ ಕಿವಿಗೊಟ್ಟ. ಬಿಗಿಯಾದದ್ದು "ಟಿಂಗ್" ಅಂತಿತ್ತು, ಸಡಿಲಾದದ್ದು "ಟಕ್". ಕೆಲಸಗಾರ ಅಂದ್ರೆ ಕೆಲಸಗಾರನೇ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ವಂಶ ನೋಡಿ.

ಟ್ಯಾಂಕಿನ ಮೇಲೆ ಸತ್ತವನು ತನ್ನ ಕೈಯಾರೆ ಒಂದು ಕೊಕ್ಕರೆ ಬರೆದಿದ್ದ. ಸೊಟ್ಟಗೆ, ಒಂಟಿಕಾಲಲ್ಲಿ ನಿಂತದ್ದು. ಕುಂಚ ಉಪ್ಪುಕಾಗದ ಹಿಡಿದು ಉಜ್ಜೋಕೆ ಕೂತ. ಕಾಲಿಂದಲೇ ಶುರುಮಾಡಿದ.

ಅವನ ಹೆಂಡತಿ, ನಮ್ಮ ಅತ್ತಿಗೆ, ಬಾಗಿಲಲ್ಲಿ ನಿಂತಿದ್ರು. "ಪಾಪ ಕಣ್ರೀ, ಅದೊಂದು ಇರಲಿ ಬಿಡಿ."

"ಸತ್ತೋನಿಗೆ ಗುರುತು ಯಾಕೆ? ಇನ್ನು ಇದು ಕುಂಚನ ಗಾಡಿ. ಆ ಕೊನೇ ಬಂಡೆನ ಇದರಲ್ಲೇ ದಾಟ್ತೀನಿ, ಎಲ್ಲರ ಕಣ್ಣೆದುರಿಗೆ. ಆಗ ನೋಡೋಣ ಯಾರ ಹೆಸರು ಹೇಳ್ತಾರೆ ಅಂತ."

ಮರುದಿನ ಬೆಳಗ್ಗೆ ಬಾಗಿಲು ತೆಗೆದ್ರೆ, ಮರದ ಪೆಟ್ಟಿಗೆ ಮೇಲೆ ಇಟ್ಟಿದ್ದ ಗಾಡಿ ಕೋಣೆ ನಡುವೆ ನಿಂತಿತ್ತು. ಗೋಡೆಗೆ ಒರಗಿಲ್ಲ. ಸ್ಟ್ಯಾಂಡ್ ಇಳಿದಿಲ್ಲ.

"ಇದನ್ನ ಯಾರೇ ಇಳಿಸಿದ್ದು?"

"ಗ್ಯಾಸ್ ಸಿಲಿಂಡರ್ ಇಳಿಸಿಕೊಡಿ ಅಂತ ನಿಮ್ಮನ್ನ ಕೂಗಿ ಕೂಗಿ ನನ್ನ ಗಂಟಲು ಬಿದ್ದೋಗಿದೆ," ಅತ್ತಿಗೆ ಅಂದ್ರು. "ನಾನು ಗಾಡಿ ಇಳಿಸ್ತೀನಾ?"

ಅವನು ಬೆರಳ ತುದಿಯಿಂದ ಸೀಟು ಮುಟ್ಟಿದ. ಗಾಡಿ ದಪ್ಪಂತ ಬಿತ್ತು.

ಅವತ್ತು ರಾತ್ರಿ ಸದ್ದಿಗೆ ಎಚ್ಚರವಾಯ್ತು. ಕಿಚ್... ಕಿಚ್... ರಬ್ಬರು ಸಿಮೆಂಟ್ ನೆಲದ ಮೇಲೆ ಉಜ್ಜೋ ಸದ್ದು. ಗುರುತಿನ ಸದ್ದೇ. ನಿಂತಲ್ಲೇ ಗಾಡಿಯನ್ನ ತೂಗಿಸೋನು ಮುಂದಿನ ಚಕ್ರವನ್ನ ಎಡಕ್ಕಿಷ್ಟು ಬಲಕ್ಕಿಷ್ಟು ಆಡಿಸ್ತಾನಲ್ಲ... ಅದು.

ಎದ್ದು ಹೋಗಿ ಬಾಗಿಲು ತೆಗೆದ. ದೀಪ ಹತ್ತಲಿಲ್ಲ. ಕಿಟಕಿ ಬೆಳಕಲ್ಲಿ ಗಾಡಿ ನಿಂತಿತ್ತು. ಸ್ಪ್ರಿಂಗು ತಗ್ಗಿತ್ತು. ಮೇಲೆ ಯಾರೂ ಇಲ್ಲ. ಹ್ಯಾಂಡಲ್ ಮಾತ್ರ ಸಣ್ಣಗೆ ಆಡ್ತಿತ್ತು. ಫುಟ್‌ರೆಸ್ಟಿಂದ ನೀರು ತೊಟ್ಟಿಕ್ತಿತ್ತು... ಟಪ್... ಟಪ್...

"ಎಷ್ಟೋ?"

ಪಿಸುಮಾತು. ಈ ಸಲ ನಗು ಇರಲಿಲ್ಲ.

ಭಯಕ್ಕೆ ಕುಂಚನ ಬಲಗೈ ತಾನಾಗೇ ಮುಷ್ಟಿ ಕಟ್ಟಿಕೊಂಡಿತ್ತು. ಅದನ್ನ ಹಾಗೇ ಮೇಲೆತ್ತಿದ್ರೆ ಮುಗೀತಿತ್ತು. ಕೇಳ್ತಿದ್ದೋನಿಗೆ ಬೇಕಿದ್ದದ್ದೂ ಅಷ್ಟೇ. ಆದ್ರೆ ಮುಷ್ಟಿ ಎತ್ತಿದ್ರೆ ಕೊಕ್ಕರೆ ಗೆದ್ದ ಹಾಗೆ, ಗಾಡಿ ಮತ್ತೆ ಕೊಕ್ಕರೆದೇ ಆದ ಹಾಗೆ. ನಮ್ಮ ಮನೆತನದ ಗಂಡಸರಿಗೊಂದು ರೋಗ ಇದೆ. ತಲೆ ಬೇಕಾದ್ರೆ ಕೊಡ್ತೀವಿ, ತಪ್ಪು ಒಪ್ಪೋದಿಲ್ಲ.

ಕುಂಚ ಮುಷ್ಟಿ ಬಿಚ್ಚಿದ. ಒಂದು ಬೆರಳು ಎತ್ತಿದ.

"ಒಂದು," ಅಂದ. "ಸತ್ತ ಮೇಲೂ ಒಂದೇ ಕಣೋ."

ಹ್ಯಾಂಡಲ್ ನಿಂತಿತು. ಸ್ಪ್ರಿಂಗು "ಕ್ರೀಕ್..." ಅಂತ ಮೇಲೆದ್ದಿತು. ಯಾರೋ ಇಳಿದ್ರು. ನೆಲಕ್ಕೆ ಕಾಲಿಟ್ಟ ಸದ್ದು ಮಾತ್ರ ಬರಲಿಲ್ಲ.

ಮಾರನೇ ದಿನ. ನಡು ಮಧ್ಯಾಹ್ನ, ಸುಡು ಬಿಸಿಲು. ಎಂಜಿನ್ನಿನ ಪ್ಲಗ್ ಬಿಚ್ಚಿ ಕಿಟಕಿ ಮೇಲಿಟ್ಟಿತ್ತು. ಟ್ಯಾಂಕಲ್ಲಿ ಹನಿ ಪೆಟ್ರೋಲ್ ಇಲ್ಲ. ಗಾಡಿ ಪೆಟ್ಟಿಗೆ ಮೇಲಿತ್ತು. ಕುಂಚ ಚೈನ್ ಹಾಕಿ, ಬಟ್ಟೆ ಹಿಡಿದು ಒರೆಸ್ತಾ ಕೂತಿದ್ದ. ಹಿಂದಿನ ಚಕ್ರ ತಿರುಗಿತು. ಒಂದೇ ಸುತ್ತು. ಅಡುಗೆಮನೇಲಿದ್ದ ಅತ್ತಿಗೆಗೆ ಕೇಳಿದ್ದು ಇಷ್ಟು... "ಕಟಕ್." ಒಣ ಪುಳ್ಳೆ ಮುರಿದ ಹಾಗೆ. ಆಮೇಲೆ ಅವನ ಕೂಗು.

ತೋರುಬೆರಳು ಬುಡದಿಂದ ಹೋಗಿತ್ತು. ಅವನನ್ನ ಆಸ್ಪತ್ರೆಗೆ ಸಾಗಿಸಿ, ಬೆರಳು ಸಿಕ್ಕಿದ್ರೆ ಹೊಲೀತಾರೇನೋ ಅಂತ ಹುಡುಕಿದ್ರು. ಚೈನ್ ಬಿಚ್ಚಿದ್ರು, ಪೆಟ್ಟಿಗೆ ಎತ್ತಿದ್ರು, ಸೀಮೆಎಣ್ಣೆ ಡಬ್ಬಿ ಸೋಸಿದ್ರು. ಬಾಗಿಲಲ್ಲಿ ಟಾರ್ಚ್ ಹಿಡಿದು ನಿಂತೋನು ನಾನೇ. ಬೆರಳು ಸಿಗಲಿಲ್ಲ. ಚೈನಿಗೆ ಒಂದು ತೊಟ್ಟು ರಕ್ತ ಹತ್ತಿರಲಿಲ್ಲ. ಫುಟ್‌ರೆಸ್ಟ್ ಒದ್ದೆಯಾಗಿತ್ತು.

ಆಸ್ಪತ್ರೇಲಿ ಉಳಿದ ಬೆರಳು ಮಡಚಿ, ಇಡೀ ಕೈಗೆ ಸುತ್ತಿ ಕಟ್ಟು ಹಾಕಿದ್ರು. "ಕೈ ಕೆಳಗೆ ಬಿಡಬೇಡಿ, ಮೇಲೆತ್ತೇ ಇಟ್ಕೊಳ್ಳಿ, ಬಾವು ಇಳೀಬೇಕು" ಅಂದ್ರು ಡಾಕ್ಟರು. ಇಡೀ ಬೀದಿ ನೋಡ್ತಿದ್ದ ಹಾಗೆ ಕುಂಚ ಮುಷ್ಟಿ ಎತ್ತಿಕೊಂಡು ಮನೆವರೆಗೂ ನಡೆದು ಬಂದ. ಪಂಕ್ಚರ್ ಅಂಗಡಿಯವನು ಅವತ್ತು ಕ್ವಾರೀಲಿ ಪಂದ್ಯ ನೋಡಿದ್ದೋನು. ಟ್ಯೂಬಿಗೆ ಗಾಳಿ ಹೊಡೀತಾ ಕೂತಿದ್ದ.

"ಕೊನೆಗೂ ಮುಷ್ಟಿ ತೋರಿಸಿದ್ಯಲ್ಲೋ ಕುಂಚ," ಅಂದ. "ಹತ್ತು ವರ್ಷ ಬೇಕಾಯ್ತು."

ಕುಂಚ ಹೆಜ್ಜೆ ಜೋರು ಮಾಡಿದ. ಕೈ ಮಾತ್ರ ಇಳಿಸೋ ಹಾಗಿಲ್ಲ.

ಸಂಜೆ ಕೊಕ್ಕರೆಯ ಅಮ್ಮ ಬಂದ್ರು. ಕೈಗೆ ಏನಾಯ್ತು ಅಂತ ಕೇಳಲಿಲ್ಲ. ಸೆರಗಲ್ಲಿ ಸುತ್ತಿದ್ದನ್ನ ತೆಗೆದ್ರು.

"ಗ್ಲೌಸು ಸಿಕ್ತಪ್ಪ. ಮಿಷನ್ ಡ್ರಾಯರಲ್ಲೇ ಇತ್ತು."

"ಬೇಡಮ್ಮ," ಕುಂಚ ಪಿಸುಗುಟ್ಟಿದ.

"ಬೇಡ ಅಂದ್ರೆ ವಾಪಸ್ ಇಟ್ಕೊಳ್ಳೋಕೆ ಇದು ನನ್ನದಲ್ಲ. ಕಪ್ ಹೋದ ರಾತ್ರಿ ನನ್ನ ಮಗ ಪಕ್ಕದಲ್ಲಿ ಬಂದು ಕೂತ. ಇದೊಂದು ಹೊಲಿದು ಕೊಡಮ್ಮ ಅಂದ. ನಿನ್ನ ಕೈ ನೆಟ್ಟಗಿದೆಯಲ್ಲೋ ಅಂದೆ. ನನಗಲ್ಲಮ್ಮ, ಗಾಡಿ ತಗೊಂಡು ಹೋಗೋನಿಗೆ ಅಂದ."

ಕುಂಚನ ತೊಡೆ ಮೇಲೆ ಇಟ್ಟು, ನೀರೂ ಕುಡೀದೆ ಹೋದ್ರು.

ಸುಳ್ಳು ಅನ್ನೋರು ನನ್ನ ಜೊತೆ ಬನ್ನಿ. ಈಗಲೂ ಅವನ ಮನೇಲಿದೆ, ನಾನೇ ಕೈಯಲ್ಲಿ ಹಿಡಿದು ನೋಡಿದ್ದೀನಿ. ಬಲಗೈಯ ಗ್ಲೌಸು. ತೋರುಬೆರಳನ್ನ ಬುಡಕ್ಕೆ ಕತ್ತರಿಸಿ ಬಾಯಿ ಹೊಲಿದಿದೆ. ದಾರ ಹಳೇದು.